ಹೈಫನ್ ಬೇಡ ಎನ್ನುವವರು ಯಾರಿಗಾಗಿ ಬರೆಯುತ್ತಾರೆ?

ಇಂಗ್ಲಿಷ್ ಬರೆಯುವ ನಮ್ಮವರಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ಹೈಫನ್ ಎಂಬುದು ಹಳೆಯ ಕಾಲದ ಶೋಕಿ. ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಇಂಗ್ಲಿಷರೇ ಅದನ್ನು ಕೈಬಿಡುತ್ತಿರುವಾಗ ನಮಗೇಕೆ ಅದರ ಉಸಾಬರಿ? ಕಚೇರಿಯಲ್ಲಿ ಪತ್ರ ಟೈಪ್ ಮಾಡುವವರು ಇದನ್ನೇ ಹೇಳುತ್ತಾರೆ. ಮೊಬೈಲಿನಲ್ಲಿ ಅರ್ಜಿ ತುಂಬುವ ಹುಡುಗರೂ ಇದನ್ನೇ ಹೇಳುತ್ತಾರೆ. ಪ್ರಶ್ನೆಪತ್ರಿಕೆ ತೆಗೆಯುವ ಮಾಸ್ತರರಲ್ಲೂ ಕೆಲವರ ಮಾತು ಇದೇ. ಬೀದರ್ ಕಡೆಯ ನುಡಿಯಲ್ಲಿ ಹೇಳುವುದಾದರೆ, “ಒಂದು ಗೀಟಿಗಿ ಏನದರೀ ಅಷ್ಟು?”

ಆ ಗೀಟಿನಲ್ಲಿ ಬಹಳ ಇದೆ ಎಂಬುದು ನನ್ನ ವಾದ. ಹೈಫನ್ ಬೇಡ ಎನ್ನುವವರು ತಮ್ಮಷ್ಟೇ ಇಂಗ್ಲಿಷ್ ಬಲ್ಲವರಿಗಾಗಿ ಬರೆಯುತ್ತಾರೆ. ಮನೆಯಲ್ಲಿ ಒಂದು ಇಂಗ್ಲಿಷ್ ಮಾತನ್ನೂ ಕೇಳದೆ ಬೆಳೆದು, ಆ ಭಾಷೆಯನ್ನು ಪುಸ್ತಕದಲ್ಲೇ ಮೊದಲು ಕಂಡವರ ಯೋಚನೆ ಅವರಿಗಿಲ್ಲ. ಆ ಗೀಟಿನ ಅಗತ್ಯ ಇರುವುದು ಇಂಥ ಓದುಗರಿಗೇ.

“ಸಂದರ್ಭ ನೋಡಿದರೆ ತಿಳಿಯುತ್ತದೆ” ಎಂಬುದು ಹೈಫನ್ ವಿರೋಧಿಗಳ ಮೊದಲ ಅಸ್ತ್ರ. ‘ಟ್ವೆಂಟಿ ಫೈವ್ ಎಕರ್ ಪ್ಲಾಟ್ಸ್’ ಎಂದು ಒಂದು ಇಂಗ್ಲಿಷ್ ಪ್ರಕಟಣೆಯಲ್ಲಿ ಇದೆ ಎಂದುಕೊಳ್ಳಿ. ‘ಟ್ವೆಂಟಿ-ಫೈವ್ ಎಕರ್ ಪ್ಲಾಟ್ಸ್’ ಎಂದು ಬರೆದರೆ ಒಂದೊಂದು ಎಕರೆಯ 25 ತುಂಡುಗಳು. ಒಟ್ಟು 25 ಎಕರೆ. ‘ಟ್ವೆಂಟಿ ಫೈವ್-ಎಕರ್ ಪ್ಲಾಟ್ಸ್’ ಎಂದು ಬರೆದರೆ ಐದೈದು ಎಕರೆಯ 20 ತುಂಡುಗಳು. ಒಟ್ಟು 100 ಎಕರೆ. ಎರಡು ಕಡೆಯೂ ಹೈಫನ್ ಇಟ್ಟರೆ ಪ್ರತಿ ತುಂಡೂ 25 ಎಕರೆಯದು, ತುಂಡುಗಳು ಎಷ್ಟೆಂದು ಬೇರೆ ಹೇಳಬೇಕು. ಹೈಫನ್ ತೆಗೆದುಹಾಕಿದ ಮೇಲೆ ಈ ಮೂರರಲ್ಲಿ ಯಾವುದೆಂದು ಹೇಳುವ ಸಂದರ್ಭ ಎಲ್ಲಿಂದ ಬರಬೇಕು?

ಇನ್ನೊಂದು ಉದಾಹರಣೆ. ತಮ್ಮ ಶಾಲೆಗೆ ‘ಮೋರ್ ಕ್ವಾಲಿಫೈಡ್ ಟೀಚರ್ಸ್’ ಬೇಕೆಂದು ಊರಿನವರು ಇಂಗ್ಲಿಷಿನಲ್ಲಿ ಮನವಿ ಬರೆದರೆ ಅವರು ಕೇಳುತ್ತಿರುವುದು ಇನ್ನಷ್ಟು ಮಂದಿ ಶಿಕ್ಷಕರನ್ನೋ, ಈಗಿರುವವರಿಗಿಂತ ಹೆಚ್ಚು ಓದಿದವರನ್ನೋ? ಮೊದಲನೆಯದಕ್ಕೆ ಹೊಸ ಹುದ್ದೆ ಬೇಕು. ಎರಡನೆಯದಕ್ಕೆ ವರ್ಗಾವಣೆ ಸಾಕು. ‘ಮೋರ್’ಗೂ ‘ಕ್ವಾಲಿಫೈಡ್’ಗೂ ನಡುವೆ ಹೈಫನ್ ಬಂದರೆ ಹೆಚ್ಚು ಓದಿದವರು ಎಂಬ ಅರ್ಥ ಖಚಿತವಾಗುತ್ತದೆ. ಬಾರದಿದ್ದರೆ ಮನವಿ ಓದುವವರು ತಮಗೆ ಅನುಕೂಲವಾದ ಅರ್ಥವನ್ನು ಹಿಡಿಯಬಹುದು.

ಹೈಫನ್ ಪರ ಮಾತಾಡುವವರು ಇಂಥ ಕಡೆ ಒಂದು ರಾಕೆಟ್ಟಿನ ಕಥೆ ತರುವುದುಂಟು. 1962ರ ಜುಲೈಯಲ್ಲಿ ಅಮೆರಿಕದ ಮ್ಯಾರಿನರ್ 1 ನೌಕೆ ಹಾರಿದ ಕೆಲವೇ ನಿಮಿಷಗಳಲ್ಲಿ ದಾರಿ ತಪ್ಪಿ, ಅದನ್ನು ನಾಶ ಮಾಡಬೇಕಾಗಿ ಬಂದದ್ದು ಒಂದು ಹೈಫನ್ ಬಿಟ್ಟುಹೋದದ್ದರಿಂದ ಎಂಬ ಕಥೆ ಅದು. ಬಿಟ್ಟುಹೋದದ್ದು ಸೂತ್ರದಲ್ಲಿ ಅಕ್ಷರದ ತಲೆಯ ಮೇಲೆ ಎಳೆಯಬೇಕಿದ್ದ ಗೆರೆ ಎಂದು ತಿಳಿದವರು ಹೇಳುತ್ತಾರೆ. ಆ ಕಥೆಯ ಆಸರೆ ಈ ವಾದಕ್ಕೆ ಬೇಕಿಲ್ಲ. ನಮ್ಮ ಹೊಲದ ಅಳತೆಯೇ ಸಾಕು.

ಹೊಲದ ವಿಸ್ತೀರ್ಣವನ್ನು ನಮ್ಮಲ್ಲಿ ಕೈಬರಹದಲ್ಲಿ 2-20 ಎಂದು ಬರೆಯುವ ರೂಢಿಯಿದೆ: ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಗೀಟಿನ ಜಾಗದಲ್ಲಿ ಚುಕ್ಕೆ ಇಟ್ಟು, 2.20 ಎಂಬುದನ್ನು ಲೆಕ್ಕದವರು ದಶಾಂಶವೆಂದು ಹಿಡಿದರೆ ಅದೇ ಹೊಲ ಎರಡು ಎಕರೆ ಎಂಟು ಗುಂಟೆಗೆ ಇಳಿಯುತ್ತದೆ. ಹನ್ನೆರಡು ಗುಂಟೆ ಕಾಗದದ ಮೇಲೆಯೇ ಕರಗಿತು. ಡಾಕ್ಟರ ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಬಲ್ಲಳು. ಗೀಟಿನ ಬೆಲೆ ಜನರಿಗೆ ಗೊತ್ತಿಲ್ಲ ಎನ್ನುವವರು ಜನರ ಕೈಯಲ್ಲಿರುವ ಕಾಗದಗಳನ್ನು ನೋಡಿಲ್ಲ.

ಈಗ ಓದುಗರ ಕಡೆಗೆ ಬರೋಣ. ಬೀದರ್ ಜಿಲ್ಲೆಯ ಔರಾದ್ ಸೀಮೆಯ ಡಾಬಕಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಈ ಭಾಗದಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ತಾಂಡಾದಲ್ಲಿ ಲಂಬಾಣಿ ಕೇಳುವುದು ಸಾಮಾನ್ಯ. ಇಲ್ಲಿನ ಮಕ್ಕಳು ಹತ್ತು ವರ್ಷ ತುಂಬುವ ಮೊದಲೇ ಎರಡು ಮೂರು ಭಾಷೆಗಳನ್ನು ಕಿವಿಯಿಂದಲೇ ಕಲಿತಿರುತ್ತಾರೆ. ಇಂಗ್ಲಿಷ್ ಹಾಗೆ ಬರುವುದಿಲ್ಲ. ಅದು ಪುಸ್ತಕದಿಂದ, ಕಣ್ಣಿನ ಮೂಲಕ ಬರಬೇಕು. ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೆ ಯಾವ ಪದ ಯಾವುದಕ್ಕೆ ಅಂಟಿಕೊಂಡಿದೆ ಎಂದು ಉಚ್ಚಾರದ ಒತ್ತೇ ಹೇಳಿಕೊಡುತ್ತದೆ. ಆ ಒತ್ತು ನಮ್ಮ ಮಕ್ಕಳ ಕಿವಿಗೆ ಬಿದ್ದಿಲ್ಲ. ‘ಸ್ಮಾಲ್ ಸ್ಕೇಲ್ ಫಾರ್ಮರ್’ ಎಂಬ ಮೂರು ಪದ ಕಂಡರೆ ಎಂಟನೆಯ ತರಗತಿಯ ಹುಡುಗಿ ಒಂದೊಂದಾಗಿ ಅರ್ಥ ಹಚ್ಚುತ್ತಾಳೆ. ಸ್ಮಾಲ್ ಎಂದರೆ ಸಣ್ಣ, ಫಾರ್ಮರ್ ಎಂದರೆ ರೈತ. ನಡುವಿನ ಸ್ಕೇಲ್ ಅವಳ ಕಂಪಾಸ್ ಪೆಟ್ಟಿಗೆಯಲ್ಲಿದೆ! ‘ಸ್ಮಾಲ್-ಸ್ಕೇಲ್’ ಎಂದು ಗೀಟು ಹಾಕಿದ್ದರೆ ಮೊದಲೆರಡು ಪದ ಸೇರಿ ಒಂದೇ ವಿಶೇಷಣ ಎಂಬುದಾದರೂ ತಿಳಿಯುತ್ತಿತ್ತು. ಬೆಂಗಳೂರಿನ ಕಚೇರಿಯಲ್ಲಿ ಕೂತು ಅದೇ ವಾಕ್ಯವನ್ನು ಸಲೀಸಾಗಿ ಓದಿದವರು “ಹೈಫನ್ ಇಲ್ಲದಿದ್ದರೂ ನನಗೆ ತಿಳಿಯಿತಲ್ಲ” ಎಂದರೆ ಅದು ವಾದವಾಗುವುದಿಲ್ಲ. ಅವರಿಗೆ ಅದು ಮೊದಲೇ ತಿಳಿದಿತ್ತು.

ನಮ್ಮ ಮಕ್ಕಳಿಗೆ ಹೈಫನ್ ಬೇಕೆನ್ನುವುದಕ್ಕೆ ಒಂದು ಒಳಗಾರಣವೂ ಇದೆ. ಕನ್ನಡದಲ್ಲಿ ಪದಗಳು ಕೂಡಿದಾಗ ಧ್ವನಿಯೇ ಬದಲಾಗುತ್ತದೆ. ಇಪ್ಪತ್ತು, ಐದು ಸೇರಿದರೆ ಇಪ್ಪತ್ತೈದು. ನಡುವೆ ಒಂದು ಸ್ವರ ಬಿದ್ದುಹೋಯಿತು, ಎರಡು ಸಂಖ್ಯೆ ಒಂದಾಯಿತು. ಮಳೆ, ಕಾಲ ಸೇರಿದರೆ ಮಳೆಗಾಲ. ‘ಕ’ ‘ಗ’ ಆದ ಕೂಡಲೇ ಇದು ಒಂದೇ ಪದವೆಂದು ಕಿವಿಗೂ ಕಣ್ಣಿಗೂ ಗೊತ್ತಾಗುತ್ತದೆ. ‘ಇಪ್ಪತ್ತು ಐದೆಕರೆ ಹೊಲಗಳು’, ‘ಇಪ್ಪತ್ತೈದು ಎಕರೆ ಹೊಲ’ ಇವೆರಡರ ನಡುವೆ ಕನ್ನಡಿಗರು ಗಲಿಬಿಲಿಗೊಳ್ಳುವುದಿಲ್ಲ, ಏಕೆಂದರೆ ಸಂಧಿ ಅವರ ಕೈ ಹಿಡಿದಿರುತ್ತದೆ. ಇಂಗ್ಲಿಷಿಗೆ ಇಂಥ ಸಂಧಿ ಇಲ್ಲ. ಟ್ವೆಂಟಿ, ಫೈವ್ ಸೇರಿದರೂ ಎರಡರ ರೂಪವೂ ಬದಲಾಗುವುದಿಲ್ಲ. ನಮ್ಮ ಸಂಧಿ ಮಾಡುವ ಕೆಲಸವನ್ನು ಆ ಭಾಷೆಯ ಬರಹದಲ್ಲಿ ಹೈಫನ್ ಮಾಡುತ್ತದೆ. ಅದನ್ನು ಅಲಂಕಾರ ಎನ್ನುವವರು ಕನ್ನಡದಿಂದ ಸಂಧಿಯನ್ನು ತೆಗೆದು ಓದಿ ನೋಡಲಿ.

ಹೀಗಿದ್ದರೂ ನಮ್ಮ ಶಾಲೆಗಳಲ್ಲಿ ಹೈಫನ್ ಕಲಿಸುವ ರೀತಿ ನೋಡಿದರೆ ಅದರ ಮೇಲೆ ಬೇಸರ ಬರುವುದು ಸಹಜ. ಗೈಡುಗಳಲ್ಲಿ ಒಂದು ಪಟ್ಟಿ ಇರುತ್ತದೆ: ಇವಕ್ಕೆ ಹೈಫನ್ ಉಂಟು, ಇವಕ್ಕೆ ಇಲ್ಲ, ಕಂಠಪಾಠ ಮಾಡಿ. ಪಟ್ಟಿಯಿಂದ ಕಲಿತದ್ದು ಪಟ್ಟಿಯ ಜೊತೆಗೇ ಹಳತಾಗುತ್ತದೆ. 2007ರಲ್ಲಿ ಬಂದ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ಸುಮಾರು 16,000 ಪದಗಳ ಹೈಫನ್ ಕಿತ್ತುಹಾಕಿತು. ‘ಐಸ್-ಕ್ರೀಮ್’ ಎರಡು ಬಿಡಿ ಪದವಾಯಿತು. ‘ಬಂಬಲ್-ಬೀ’, ‘ಪಿಜನ್-ಹೋಲ್’ ತಲಾ ಒಂದೊಂದೇ ಪದವಾದವು. ಹಿಂದಿನ ವರ್ಷ ಸರಿಯುತ್ತರ ಬರೆದ ವಿದ್ಯಾರ್ಥಿ ಮರುವರ್ಷ ತಪ್ಪಿತಸ್ಥನಾದಂತೆ.

ನಮ್ಮ ಮಕ್ಕಳಿಗೆ ಈ ಪಟ್ಟಿ ಬೇಕಿಲ್ಲ. ಅವರಿಗೆ ಸಮಾಸ ಗೊತ್ತಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಮಾಸಕ್ಕೇ ಒಂದು ಪ್ರಕರಣ ಮೀಸಲಿಟ್ಟ, ಇಂದಿಗೂ ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ತತ್ಪುರುಷದಿಂದ ಗಮಕದವರೆಗೆ ಎಂಟು ಸಮಾಸಗಳಿವೆ. ಅದೇ ಮಕ್ಕಳು ಮುಂದಿನ ಪಿರಿಯಡ್‌ನಲ್ಲಿ ಇಂಗ್ಲಿಷ್ ತೆಗೆದಾಗ ಈ ಜ್ಞಾನವನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬರಬೇಕೆಂದು ನಾವು ಹಟ ಹಿಡಿದಿದ್ದೇವೆ.

ಬಿಡದೆ ತಂದರೆ ಏನಾಗುತ್ತದೆ ನೋಡಿ. ‘ಮುಕ್ಕಣ್ಣ’ ಬಹುವ್ರೀಹಿ: ಮೂರು ಕಣ್ಣುಳ್ಳವನು ಯಾವನೋ ಅವನು. ಇಂಗ್ಲಿಷಿನ ‘ತ್ರೀ-ಐಡ್’ ಇದೇ ಜಾತಿಯ ಸಮಾಸ. ಅಂಥವಕ್ಕೆ ಹೈಫನ್ ಇಡುವುದು ವಾಡಿಕೆ. ‘ಅರಸನ ಮನೆ’ ಅರಮನೆಯಾದಾಗ ನಡುವಿನ ಪ್ರತ್ಯಯ ಲೋಪವಾಗುತ್ತದೆ ಎಂದು ಮಕ್ಕಳು ಓದಿದ್ದಾರೆ. ಇಂಗ್ಲಿಷಿನಲ್ಲೂ ‘ಫೈವ್ ಎಕರ್ಸ್’ ಎಂಬುದು ಹೊಲದ ವಿಶೇಷಣವಾಗಿ ಮುಂದೆ ಬಂದಾಗ ಬಹುವಚನದ ಪ್ರತ್ಯಯ ಕಳಚಿಕೊಂಡು ‘ಫೈವ್-ಎಕರ್ ಫೀಲ್ಡ್’ ಆಗುತ್ತದೆ. ‘ಟೆನ್ ಇಯರ್ಸ್’ ಹೋಗಿ ‘ಟೆನ್-ಇಯರ್-ಓಲ್ಡ್ ಗರ್ಲ್’ ಆಗುವುದೂ ಹೀಗೆಯೇ. ‘ಫೈವ್ ಎಕರ್ಸ್ ಫೀಲ್ಡ್’ ಎಂದು ಬರೆದ ಮಕ್ಕಳಿಗೆ ಕೆಂಪು ಶಾಯಿಯಿಂದ ಸುತ್ತು ಹಾಕುವ ಬದಲು, ಸಮಾಸವಾದ ಮೇಲೆ ಪ್ರತ್ಯಯ ಎಲ್ಲಿ ಉಳಿಯುತ್ತದೆ ಎಂದು ಕೇಳಿದರೆ ಸಾಕು, ತಾವೇ ತಿದ್ದಿಕೊಳ್ಳುತ್ತಾರೆ. ‘ವೆಲ್-ನೋನ್ ರೈಟರ್’ ಎಂಬಲ್ಲಿ ಹೈಫನ್, ‘ದಿ ರೈಟರ್ ಈಸ್ ವೆಲ್ ನೋನ್’ ಎಂಬಲ್ಲಿ ಇಲ್ಲ. ಇದೇಕೆ ಎಂದು ಇಂಗ್ಲಿಷ್ ಮಾಸ್ತರರು ತಡಬಡಿಸುತ್ತಾರೆ. ಮೊದಲನೆಯದು ಸಮಸ್ತಪದದಂತೆ, ಎರಡನೆಯದು ಬಿಡಿಸಿ ಹೇಳಿದ ವಿಗ್ರಹವಾಕ್ಯದಂತೆ. ಕನ್ನಡ ಮಾಸ್ತರರನ್ನು ಕೇಳಿದ್ದರೆ ಒಂದೇ ನಿಮಿಷದಲ್ಲಿ ಹೇಳಿಬಿಡುತ್ತಿದ್ದರು.

ಇನ್ನು, ಇಂಗ್ಲಿಷರೇ ಹೈಫನ್ ಬಿಡುತ್ತಿದ್ದಾರೆ ಎಂಬ ವಾದ. ಅರ್ಧ ಓದಿದವರ ವಾದ ಇದು. ಆಕ್ಸ್‌ಫರ್ಡ್‌ನವರು ಬಿಟ್ಟದ್ದು ಬಹುಪಾಲು ನಾಮಪದಗಳ ಹೈಫನ್ನು. ಬಳಸಿ ಬಳಸಿ ಎರಡು ಪದ ಒಂದೇ ಆಗಿದ್ದರೆ ಕೂಡಿಸಿದರು, ಇಲ್ಲವೇ ಬಿಡಿಸಿದರು. ನಾಮಪದದ ಮುಂದೆ ನಿಂತು ಅದನ್ನು ಬಣ್ಣಿಸುವ ಜೋಡಿಪದಗಳ ಹೈಫನ್ ಇಂಗ್ಲಿಷಿನಿಂದ ಹೋಗಿಲ್ಲ. 2019ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ತನ್ನ ಪತ್ರಕರ್ತರ ಕೈಪಿಡಿಯಲ್ಲಿ ಇಂಥ ಕಡೆಯೂ ಸಡಿಲ ಮಾಡಲು ಹೊರಟಿತು; ‘ಫಸ್ಟ್-ಕ್ವಾರ್ಟರ್ ಟಚ್‌ಡೌನ್’ ಎಂಬಲ್ಲಿನ ಹೈಫನ್ ಬೇಡ ಎಂದಿತು. ಓದುಗರೂ ಸಂಪಾದಕರೂ ತಕರಾರು ಎತ್ತಿದರು. ಅದೇ ವರ್ಷ ಆ ಬದಲಾವಣೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಲ್ಲಿಯವರು ಯೋಚಿಸಿ ಬಿಟ್ಟದ್ದೂ ಇದೆ, ತಪ್ಪೆಂದು ತಿಳಿದು ಮತ್ತೆ ಹಿಡಿದದ್ದೂ ಇದೆ. ನಾವು ಬಿಡುತ್ತಿರುವುದಕ್ಕೆ ಕಾರಣ ಬೇರೆ. ಮೊಬೈಲಿನ ಕೀಲಿಮಣೆಯಲ್ಲಿ ಹೈಫನ್ ಸಾಮಾನ್ಯವಾಗಿ ಎರಡನೆಯ ಪುಟದಲ್ಲಿರುತ್ತದೆ. ಅಲ್ಲಿಗೆ ಹೋಗಿ ಬರುವಷ್ಟು ತಾಳ್ಮೆ ನಮಗಿಲ್ಲ. ಸೋಮಾರಿತನಕ್ಕೆ ಆಧುನಿಕತೆಯ ಹೆಸರಿಟ್ಟರೆ ಅದು ಆಧುನಿಕವಾಗುವುದಿಲ್ಲ.

ಮತ್ತೊಂದು ದಿಕ್ಕಿನಿಂದ ಕನ್ನಡ ಮಡಿವಂತರು ಬರುತ್ತಾರೆ. ಹೈಫನ್ ಪರಂಗಿಯವರದು, ಭಾರತೀಯ ಭಾಷೆಗೂ ಅದಕ್ಕೂ ಸಂಬಂಧವಿಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಅದು ತಲೆಗೆ ಹತ್ತುವುದಿಲ್ಲ ಎಂದು. ಆದರೆ ಹಳೆಯ ಶಾಸನಗಳಲ್ಲಿ, ಓಲೆಗರಿಗಳಲ್ಲಿ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಪದ ಬಿಡಿಸಿ ಬರೆಯುವುದು, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ ಎಲ್ಲವೂ ಅಚ್ಚಿನ ಕಾಲದಲ್ಲಿ ನೆಲೆಯೂರಿದವು. ಅವನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು ಹೈಫನ್ ಒಂದನ್ನೇ ಮೈಲಿಗೆ ಎನ್ನುವುದು ಯಾವ ನ್ಯಾಯ? ಡಾಬಕಾದ ಮಕ್ಕಳು ಶಾಲೆಯಲ್ಲಿ ಹಿಂದಿಯನ್ನೂ ಓದುತ್ತಾರೆ. ಕೇಂದ್ರೀಯ ಹಿಂದಿ ನಿರ್ದೇಶನಾಲಯದ ಬರಹದ ನಿಯಮಗಳ ಪ್ರಕಾರ ‘ಮಾತಾ-ಪಿತಾ’, ‘ದಿನ್-ರಾತ್’ ಮುಂತಾದ ದ್ವಂದ್ವ ಸಮಾಸಗಳಿಗೆ ಹೈಫನ್ ಇಡಬೇಕು. ತತ್ಪುರುಷದಲ್ಲಿ ಮಾತ್ರ ಗೊಂದಲವಾಗುವ ಕಡೆ ಇಟ್ಟರೆ ಸಾಕು. ಆ ನಿಯಮಕ್ಕೆ ಕೊಡುವ ಉದಾಹರಣೆ ‘ಭೂ-ತತ್ತ್ವ’: ಹೈಫನ್ ಇದ್ದರೆ ಭೂಮಿಯ ತತ್ತ್ವ, ಇಲ್ಲದಿದ್ದರೆ ಭೂತದ ಗುಣ ಎಂದು ಓದುವ ಅಪಾಯ. ಕನ್ನಡಕ್ಕೂ ಈ ಎಚ್ಚರಿಕೆ ಅಷ್ಟೇ ಒಪ್ಪುತ್ತದೆ. ಮರಾಠಿ ಪುಸ್ತಕಗಳಲ್ಲೂ ಜೋಡಿಪದಗಳ ನಡುವೆ ಈ ಗೀಟು ಕಾಣುತ್ತದೆ. ಬೀದರ್ ಕೋಟೆ ನೋಡಲು ಬರುವವರಿಗೆ ಬಹಮನಿ ಮಂತ್ರಿ ಮಹಮೂದ್ ಗಾವಾನನ ಬಿರುದನ್ನು ‘ಮಲಿಕ್-ಉತ್-ತುಜ್ಜಾರ್’ ಎಂದು ಬರೆದು ತೋರಿಸಿದರೆ ಅದು ಒಂದೇ ಬಿರುದು ಎಂದು ತಿಳಿಯುತ್ತದೆ. ಗೀಟು ಕಿತ್ತರೆ ಮೂವರ ಹೆಸರೋ ಎನಿಸುತ್ತದೆ. ಪರಕೀಯ ಎನ್ನಲು ಇನ್ನೇನು ಉಳಿಯಿತು?

ಹೈಫನ್ನಿನ ಬೆಲೆಯನ್ನು ಬೀದರ್ ಜಿಲ್ಲೆಯವರಿಗೆ ಹೊರಗಿನವರು ಕಲಿಸಬೇಕಿಲ್ಲ. ನಮ್ಮ ಪ್ರದೇಶ ಸಂವಿಧಾನವನ್ನು ಹೊಕ್ಕದ್ದು ಹೈಫನ್ ಹೊತ್ತುಕೊಂಡೇ. 2012ರ 98ನೆಯ ತಿದ್ದುಪಡಿ ಕಾಯ್ದೆಯ ಮೂಲಕ ಬಂದ 371(ಜೆ) ವಿಧಿಯ ಇಂಗ್ಲಿಷ್ ಪಾಠದಲ್ಲಿ ‘ಹೈದರಾಬಾದ್-ಕರ್ನಾಟಕ’ ಎಂದಿದೆ, ನಡುವೆ ಗೀಟು. ಈ ಭಾಗದ ಹುಡುಗ ಹುಡುಗಿಯರಿಗೆ ವೃತ್ತಿ ಶಿಕ್ಷಣದ ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲು ಸಿಗುವುದು ಆ ವಿಧಿಯಿಂದ. ಆ ಗೀಟು ತೆಗೆದು ಇಂಗ್ಲಿಷಿನಲ್ಲಿ ಬರೆಯಿರಿ: ‘ಬೀದರ್ ಕರ್ನಾಟಕ’ ಎಂದು ಅಂಚೆ ವಿಳಾಸ ಬರೆದ ಹಾಗೆ, ಹೈದರಾಬಾದ್ ನಗರವೇ ಕರ್ನಾಟಕದಲ್ಲಿದೆ ಎಂಬ ಅರ್ಥ ಬರುತ್ತದೆ. ಗೀಟನ್ನು ಉದ್ದ ಮಾಡಿ ಡ್ಯಾಶ್ ಹಾಕಿ: ಹೈದರಾಬಾದಿನಿಂದ ಕರ್ನಾಟಕಕ್ಕೆ ಹೋಗುವ ಬಸ್ಸಿನ ಬೋರ್ಡಾಗುತ್ತದೆ. ಕಿರಿದಾದ ಆ ಒಂದು ಹೈಫನ್ ಮಾತ್ರ ಚರಿತ್ರೆಯನ್ನು ಸರಿಯಾಗಿ ಹೇಳುತ್ತದೆ. ಈ ನೆಲ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿತು. 2019ರಲ್ಲಿ ರಾಜ್ಯ ಸರ್ಕಾರ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಿಟ್ಟಾಗ ಹೈಫನ್ ಬೇಕಾಗಲಿಲ್ಲ, ಏಕೆಂದರೆ ಅಲ್ಲಿ ತಪ್ಪಾಗಿ ಓದುವ ಭಯವಿಲ್ಲ. ಬೇಕಾದಲ್ಲಿ ಇಡುವುದು, ಬೇಡವಾದಲ್ಲಿ ಬಿಡುವುದು, ವಿವೇಕವೆಂದರೆ ಇಷ್ಟೆ.

ಹೆಸರಿನ ಹೈಫನ್ ಎಷ್ಟು ಭಾರವೆಂದು ಯುರೋಪಿನವರೂ ಬಲ್ಲರು. 1990ರ ವಸಂತದಲ್ಲಿ ಚೆಕೊಸ್ಲೊವಾಕಿಯಾದ ಸಂಸತ್ತು ದೇಶದ ಹೆಸರಿನಲ್ಲಿ ಹೈಫನ್ ಇರಬೇಕೋ ಬೇಡವೋ ಎಂದು ವಾರಗಟ್ಟಲೆ ಜಗಳವಾಡಿತು. ತಾವು ಚೆಕ್ಕರ ಬಾಲವಲ್ಲ ಎಂದು ತೋರಿಸಲು ಸ್ಲೊವಾಕರಿಗೆ ಅದು ಬೇಕಿತ್ತು. ಚೆಕ್ಕರಿಗೆ ಅದು ಒಡಕಿನ ಗುರುತಾಗಿ ಕಂಡಿತು. ಪತ್ರಿಕೆಗಳು ಅದನ್ನು ‘ಹೈಫನ್ ಯುದ್ಧ’ ಎಂದು ಕರೆದವು. ಹೈಫನ್ ಬಿಟ್ಟು ಎರಡೂ ಜನಾಂಗಗಳ ಹೆಸರು ಸೇರಿಸಿದ ಹೊಸ ಹೆಸರು ಏಪ್ರಿಲ್‌ನಲ್ಲಿ ಬಂತು. 1993ರ ಜನವರಿ 1ರಂದು ದೇಶವೇ ಎರಡಾಯಿತು. ಹೈಫನ್ನಿನಿಂದ ದೇಶ ಒಡೆಯಿತು ಎಂದು ನಾನು ಹೇಳುತ್ತಿಲ್ಲ. ಆ ಗೀಟಿನಲ್ಲಿ ಏನಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ ಎನ್ನುತ್ತಿದ್ದೇನೆ.

ಹೈಫನ್ ಪರ ವಾದಿಸುವುದೆಂದರೆ ಕಂಡಕಂಡಲ್ಲಿ ಅದನ್ನು ಚೆಲ್ಲುವುದಲ್ಲ. ಅಂಗಡಿ ಬೋರ್ಡುಗಳಲ್ಲಿ, ಮದುವೆ ಪತ್ರಿಕೆಗಳಲ್ಲಿ ಪದಕ್ಕೊಂದು ಗೀಟು ಹಾಕಿ ಅಂದ ಮಾಡುವ ಚಟ ಇಲ್ಲಿ ಇದೆ. ‘ನ್ಯೂಲಿ ಬಿಲ್ಟ್ ಹೌಸ್’ ಎಂಬಲ್ಲಿ ಹೈಫನ್ ಬೇಡ; ‘ಲಿ’ ಎಂಬ ಪ್ರತ್ಯಯವೇ ಅದು ಮುಂದಿನ ಪದಕ್ಕೆ ಸೇರಿದ್ದೆಂದು ಸಾರಿಬಿಡುತ್ತದೆ. ‘ಆನ್‌ಲೈನ್’, ‘ಸಾಫ್ಟ್‌ವೇರ್’ ಎಂಬ ಪದಗಳನ್ನು ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರ ಮೂಡದಿರಲೆಂದು ಕೆಲವರು ನಡುವೆ ಹೈಫನ್ ತುರುಕುತ್ತಾರೆ. ಆ ಕೆಲಸಕ್ಕೆ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಬೇರೆಯದೇ ಚಿಹ್ನೆ ಇದೆ. ಅದನ್ನು ಒತ್ತಲು ಕಲಿಯಬೇಕು. ಅನಗತ್ಯ ಹೈಫನ್ ಹೇಗೆ ಓದನ್ನು ತಡೆಯುತ್ತದೋ ಅಗತ್ಯದ್ದನ್ನು ಬಿಟ್ಟರೂ ಹಾಗೆಯೇ.

ಉಳಿಯುವ ನಿಯಮಗಳು ಒಂದು ಅಂಗೈಯಲ್ಲಿ ಹಿಡಿಸುತ್ತವೆ. ಎರಡು ಮೂರು ಪದ ಸೇರಿ ಮುಂದಿನ ನಾಮಪದಕ್ಕೆ ಒಂದೇ ವಿಶೇಷಣವಾದರೆ ಹೈಫನ್ ಇಡಿ. ಅದೇ ಮಾತು ನಾಮಪದದ ಆಚೆಗೆ ಹೋದರೆ ಸಾಮಾನ್ಯವಾಗಿ ಬೇಡ. ಅಕ್ಷರದಲ್ಲಿ ಬರೆಯುವ 21ರಿಂದ 99ರವರೆಗಿನ ಜೋಡಿ ಸಂಖ್ಯೆಗಳಿಗೆ ಇಡಿ. ‘ರಿಸೈನ್’ ಎಂದರೆ ರಾಜೀನಾಮೆ, ‘ರೀ-ಸೈನ್’ ಎಂದರೆ ಮತ್ತೊಮ್ಮೆ ಸಹಿ. ಉಪಸರ್ಗ ಇಂಥ ಗೊಂದಲ ಮಾಡಿದರೆ ಇಡಿ. ಬರೀ ನಾಮಪದದ ಪ್ರಶ್ನೆಯಾದರೆ ಈಚಿನ ನಿಘಂಟು ನೋಡಿ. ನಿಘಂಟುಗಳೇ ಒಮ್ಮತಕ್ಕೆ ಬರದ ಪದಕ್ಕೆ ಮಕ್ಕಳ ಅಂಕ ಕತ್ತರಿಸಬೇಡಿ. ಇವೆಲ್ಲದರ ಹಿಂದಿನ ಸೂತ್ರ ಒಂದೇ: ಮೊದಲ ಸಲ ಓದುವವರು ತಪ್ಪು ಕಡೆ ಪದ ಜೋಡಿಸಬಹುದು ಎನ್ನಿಸಿದರೆ ಹೈಫನ್ ಬೇಕು.

ಆದ್ದರಿಂದ ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ, ಇಂಗ್ಲಿಷಿನಲ್ಲಿ ಸುತ್ತೋಲೆ, ಅರ್ಜಿ, ಜಾಹೀರಾತು ಬರೆಯುವವರಲ್ಲಿ ಒಂದು ಕೋರಿಕೆ. ನಿಮ್ಮ ಬರಹ ನಿಮ್ಮ ಮೇಜಿನಿಂದ ಹೊರಟು ಡಾಬಕಾದಂಥ ಊರುಗಳಿಗೂ ಹೋಗುತ್ತದೆ. ಅಲ್ಲಿ ಅದನ್ನು ಓದಿ ಹೇಳಬೇಕಾದವರು ಆ ಮನೆಯಲ್ಲಿ ಇಂಗ್ಲಿಷ್ ಕಲಿತ ಮೊದಲನೆಯವರು. ಅವರಿಗಾಗಿ ಆ ಒಂದು ಕೀಲಿ ಒತ್ತಿ. ಇಂಗ್ಲಿಷ್ ಮಾಸ್ತರರೇ, ಪಟ್ಟಿಯನ್ನು ಮಡಿಚಿಟ್ಟು ಪಕ್ಕದ ತರಗತಿಯ ಕನ್ನಡ ಮಾಸ್ತರರ ಜೊತೆ ಕೂತು ಒಂದು ಪಾಠ ಮಾಡಿ. ಹೈಫನ್ ಕಷ್ಟವೆಂಬ ದೂರು ಅಂದೇ ಮುಗಿಯುತ್ತದೆ. ಬೇಡವೆಂಬ ವಾದಕ್ಕೆ ಆಮೇಲೆ ಸೋಮಾರಿತನವೊಂದೇ ಆಧಾರ.